ಅರವತ್ತೆಂಟು ಕಿಲೋ

ಭಾನುವಾರ ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಶಾಲಾ ಬಸ್ಸಿನ ಚಾಲಕನ ಹೊಟ್ಟೆಗೆ ಮೂರನೆಯ ಗುದ್ದು ಬಿತ್ತು. ಅವನು ಬೀಳಲಿಲ್ಲ.

ಗುದ್ದಿದವನು ಟೆಂಪೊ ಓಡಿಸುವವನು. ಗುದ್ದು ಶುರು ಮಾಡಿಸಿದವರು ಜಿಮ್ಮಿನ ತರಬೇತುದಾರರು. ನಲವತ್ತೇಳು ವರ್ಷದ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಸುತ್ತ ನಿಂತು ನೋಡಿದವರು ಹದಿನಾಲ್ಕು ಜನ. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ಕಾರಣವೂ ಮೇಷ್ಟ್ರೇ. ಯಾರು ಎಷ್ಟೊತ್ತಿಗೆ ಬಂದರು, ಎಷ್ಟೊತ್ತಿಗೆ ಎತ್ತಿದ್ದನ್ನು ಇಳಿಸಿದರು ಎಂದು ಗೋಡೆಯ ಗಡಿಯಾರ ನೋಡುತ್ತಿರುವುದು ಅವರಿಗೆ ಹಳೆಯ ಚಟ.

ಚಾಲಕನನ್ನು ಮೇಷ್ಟ್ರು ಮೊದಲು ನೋಡಿದ್ದು ಅದಕ್ಕೆ ಹನ್ನೆರಡು ವಾರ ಮುಂಚೆ, ಒಂದು ಸೋಮವಾರ ಬೆಳಗ್ಗೆ ಐದೂ ಮುಕ್ಕಾಲಿಗೆ. ಜಿಮ್ಮು ಟೈರ್ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಬಂದವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ. ವಯಸ್ಸು ಮೂವತ್ತೆಂಟು. ಅಂಗಿಯ ಕೆಳಗಿನ ಎರಡು ಗುಂಡಿಗಳು ಹೊಟ್ಟೆಯ ಮೇಲೆ ಬಿಗಿಯಾಗಿ, ಈಗಲೋ ಆಗಲೋ ಎನ್ನುವಂತಿದ್ದವು.

"ಮೇಷ್ಟ್ರೇ, ಹೊಟ್ಟೆ ಮೇಲೆ ಗೆರೆ ಬರ್ಬೇಕು" ಎಂದ. ನಮಸ್ಕಾರವಿಲ್ಲ, ಪರಿಚಯವಿಲ್ಲ.

"ಗೆರೆ ಈಗ್ಲೂ ಇದೆ. ದಪ್ಪ ಕಂಬಳಿ ಹೊದ್ಕೊಂಡು ಒಳಗೆ ಮಲಗಿದೆ" ಎಂದರು ಮೇಷ್ಟ್ರು. "ಅಂಗಿ ಎತ್ತು, ನೋಡೋಣ."

ಅವರ ಬಳಿ ಇಕ್ಕಳದ ಆಕಾರದ ಒಂದು ಅಳತೆಯ ಸಾಧನವಿತ್ತು. ಹೊಕ್ಕುಳಿನ ಪಕ್ಕದ ಚರ್ಮವನ್ನು ಅದರಿಂದ ಹಿಡಿದರೆ ಕೊಬ್ಬಿನ ಮಡಿಕೆ ಎಷ್ಟು ದಪ್ಪವಿದೆ ಎಂದು ಮಿಲಿಮೀಟರಿನಲ್ಲಿ ತೋರಿಸುತ್ತಿತ್ತು. ಮೂವತ್ತಾರು ತೋರಿಸಿತು. ತೂಕದ ಯಂತ್ರ ಎಂಬತ್ತನಾಲ್ಕು ಕಿಲೋ ಎಂದಿತು.

"ಎಷ್ಟು ದಿನ ಬೇಕು?"

"ದಿನದಲ್ಲಿ ಕೇಳ್ಬೇಡ. ಹತ್ತು ತಿಂಗಳು. ಒಂದು ವರ್ಷ ಅಂತಾನೇ ಇಟ್ಕೋ. ಅದೂ ಹೊತ್ತಿಗೆ ಸರಿಯಾಗಿ ಮಲಗಿ, ತಿನ್ನೋದನ್ನ ಅಳತೆಯಾಗಿ ತಿಂದ್ರೆ."

"ನಂಗೆ ಹನ್ನೆರಡು ವಾರ ಇದೆ."

"ಹನ್ನೆರಡು ವಾರಕ್ಕೆ ಏಳು ಕಿಲೋ ಇಳೀಬಹುದು. ಬೆಲ್ಟು ಎರಡು ತೂತು ಒಳಗೆ ಹೋಗುತ್ತೆ. ಈ ಮೆಟ್ಟಿಲು ಹತ್ತಿದ್ರೆ ಹೀಗೆ ಬಾಗಿಲು ಹಿಡ್ಕೊಳ್ಳಲ್ಲ. ಗೆರೆ ಬರಲ್ಲ. ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವನು ಏನೋ ಮಾರೋಕೆ ಬಂದಿದಾನೆ ಅಂತ ಅರ್ಥ."

"ಹೊಟ್ಟೆ ವ್ಯಾಯಾಮ ಜಾಸ್ತಿ ಮಾಡ್ತೀನಿ. ದಿನಕ್ಕೆ ಐನೂರು."

"ಸಾವಿರ ಮಾಡು. ಕಂಬಳಿ ಕೆಳಗೆ ಇರೋನು ಗಟ್ಟಿ ಆಗ್ತಾನೆ, ಕಂಬಳಿ ತೆಳ್ಳಗಾಗಲ್ಲ. ಅದು ಇಡೀ ಮೈಯಿಂದ ಕರಗ್ಬೇಕು, ಹೊಟ್ಟೆಯಿಂದ ಕೊನೇಲಿ."

"ಹನ್ನೆರಡು ವಾರಕ್ಕೆ ಗೆರೆ ಬಂದ್ರೆ?"

"ಬಂದ್ರೆ ಈ ಜಿಮ್ಮಿನ ಕಸ ನಾನೇ ಗುಡಿಸ್ತೀನಿ."

"ಈಗ ಯಾರು ಗುಡಿಸೋದು?"

"ನಾನೇ."

ಬೆಂಚಿನ ಮೇಲಿದ್ದವರು ನಕ್ಕರು. ಚಾಲಕ ನಗಲಿಲ್ಲ. ಅವನು ಎದುರಿನ ಗೋಡೆಯ ಮೇಲಿದ್ದ ಫೋಟೊಗಳನ್ನು ನೋಡುತ್ತಿದ್ದ. ಹತ್ತೊಂಬತ್ತು ಇದ್ದವು. ಎಲ್ಲರೂ ಬರಿಮೈಯಲ್ಲಿ, ಕೈಯನ್ನು ತಲೆಯ ಹಿಂದೆ ಕಟ್ಟಿಕೊಂಡು ನಿಂತವರು. ಹದಿನೇಳನೆಯ ಫೋಟೊದ ಮುಂದೆ ಅವನು ತುಂಬ ಹೊತ್ತು ನಿಂತ. ಅದು ಟೆಂಪೊದವನದು. ಮೆಚ್ಚಿ ನೋಡುತ್ತಿದ್ದಾನೆ ಎಂದುಕೊಂಡರು ಮೇಷ್ಟ್ರು.

"ಗೋಡೆಗೆ ಏರೋಕೆ ಹನ್ನೆರಡು ವಾರ ಅಂತ ಕೇಳಿದೀನಿ. ಇನ್ನೇನ್ ಮಾಡ್ಬೇಕು?" ಎಂದು ಕೇಳಿದ.

ಮೇಷ್ಟ್ರು ನಿಯಮ ಹೇಳಿದರು. ಹನ್ನೊಂದು ವರ್ಷದ ಹಿಂದೆ ಅವರೇ ಮಾಡಿದ್ದು. ಆಗ ಹುಡುಗರೆಲ್ಲ ಊಟ ಬಿಟ್ಟು, ಎಣ್ಣೆ ಸವರಿಕೊಂಡು, ಉಸಿರು ಬಿಗಿಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹಳೆಯ ಮುಷ್ಟಿಯುದ್ಧದ ಪಟು ಮೇಷ್ಟ್ರಿಗೆ ಅದು ಸೇರಲಿಲ್ಲ. ಕಾಣುವ ಹೊಟ್ಟೆ ಬೇರೆ, ತಡೆಯುವ ಹೊಟ್ಟೆ ಬೇರೆ ಎನ್ನುವುದು ಅವರ ಮಾತು. ಹಾಗಾಗಿ ಗೋಡೆಗೆ ಏರಬೇಕಾದವನು ಮೊದಲು ಹನ್ನೆರಡು ವಾರ ತಪ್ಪದೆ ಬಂದಿರಬೇಕು. ಆಮೇಲೆ ಹೊಟ್ಟೆಯ ಮೇಲೆ ಮೇಷ್ಟ್ರು ಸೀಮೆಸುಣ್ಣದಲ್ಲಿ ಬರೆದ ಚೌಕದೊಳಗೆ ಮೂರು ಗುದ್ದು ತಿಂದು ನಿಲ್ಲಬೇಕು. ಗುದ್ದುವವನು ಅವನಿಗೆ ಸರಿತೂಕದವನಾಗಿರಬೇಕು, ಹೆಚ್ಚೆಂದರೆ ಒಂದು ಕಿಲೋ ಆಚೀಚೆ. ಅಷ್ಟು ತೂಗುವವನು ಜಿಮ್ಮಿನಲ್ಲಿ ಒಬ್ಬನೇ ಇದ್ದರೆ ಅವನೇ ಗುದ್ದಬೇಕು. ಗೋಡೆಯ ಮೇಲಿರುವವನು ಗುದ್ದಲ್ಲ ಎಂದರೆ ಅವನ ಫೋಟೊ ಇಳಿಯುತ್ತದೆ.

ತೂಕದ ಈ ಷರತ್ತು ರಕ್ಷಣೆಗೆಂದು ಇಟ್ಟದ್ದು. ಭಾರದವನು ಹಗುರದವನನ್ನು ಹೊಡೆಯಬಾರದು ಎಂಬುದಷ್ಟೇ ಮೇಷ್ಟ್ರ ಲೆಕ್ಕ. ಅದನ್ನು ಯಾರಾದರೂ ತಿರುಗಿಸಿ ಹಿಡಿದಾರು ಎಂದು ಹನ್ನೊಂದು ವರ್ಷದಲ್ಲಿ ಅವರಿಗೆ ಹೊಳೆದಿರಲಿಲ್ಲ.

ಎರಡು ವಾರದ ನಂತರ ಟೆಂಪೊದವನೇ ಬಂದು ಮೇಷ್ಟ್ರನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದು ಫೋನ್ ತೋರಿಸಿದ. ಹದಿನಾಲ್ಕು ಸೆಕೆಂಡಿನ ವಿಡಿಯೊ, ಚಾಲಕ ಜಿಮ್ಮಿಗೆ ಬರುವ ಮುಂಚಿನದು. ಶಾಲೆಯ ಗೇಟಿನಿಂದ ಸ್ವಲ್ಪ ದೂರ, ಔಷಧಿ ಅಂಗಡಿಯ ಮುಂದೆ ಬಸ್ಸು ನಿಂತಿದೆ. ಬಸ್ಸಿನ ಕನ್ನಡಿ ಟೆಂಪೊದ ಬಾಗಿಲಿಗೆ ಉಜ್ಜಿದೆ. ಟೆಂಪೊದವನು ಚಾಲಕನ ಕೊರಳಪಟ್ಟಿಗೆ ಕೈಹಾಕಿ ಸೀಟಿನಿಂದ ಕೆಳಗೆ ಎಳೆಯುತ್ತಾನೆ. ಗುಂಡಿಗಳು ಕಿತ್ತು ಹಾರುತ್ತವೆ. ಕಪಾಳಕ್ಕೆ ಎರಡು ಏಟು. ಆಮೇಲೆ ಹೊಕ್ಕುಳಿಗೆ ಒಂದು ಗುದ್ದು, ಒಂದೇ ಒಂದು. ಚಾಲಕ ಕತ್ತರಿಸಿದ ಚೀಲದಂತೆ ಕುಸಿದು ರಸ್ತೆಯ ಮೇಲೆ ಕೂರುತ್ತಾನೆ, ಬೆಳಗ್ಗೆ ಕುಡಿದ ಚಹಾವನ್ನು ತೊಡೆಯ ಮೇಲೆ ಕಾರಿಕೊಳ್ಳುತ್ತಾನೆ. ಬನಿಯನ್ನಿನ ಕೆಳಗಿನಿಂದ ಹೊಟ್ಟೆ ಬೆಲ್ಟಿನ ಮೇಲೆ ಇಳಿಬಿದ್ದಿದೆ. ಬಸ್ಸಿನ ಕಿಟಕಿಗಳ ತುಂಬ ಮಕ್ಕಳ ಮುಖ. ವಿಡಿಯೊ ತೆಗೆದವರು ಯಾರೋ ಕೊನೆಯಲ್ಲಿ ನಗುತ್ತಾರೆ.

"ಮೊದಲ ಸೀಟಲ್ಲಿ ಕೂತಿರೋದು ಅವನ ಮಗಳಂತೆ" ಎಂದ ಟೆಂಪೊದವನು. "ನಂಗೆ ಆಮೇಲೆ ಗೊತ್ತಾಯ್ತು."

"ಮೊದಲೇ ಗೊತ್ತಿದ್ರೆ ಬಿಡ್ತಿದ್ಯಾ?"

ಅವನು ಸ್ವಲ್ಪ ಯೋಚಿಸಿದ. "ಆವತ್ತು ಬಿಡ್ತಿರ್ಲಿಲ್ಲ ಮೇಷ್ಟ್ರೇ. ತಲೆ ಕೆಟ್ಟಿತ್ತು. ಈಗ ಅವನು ದಿನಾ ಬಂದು ನನ್ನ ಪಕ್ಕದ ಬೆಂಚಲ್ಲಿ ಕೂತ್ಕೊಂಡು ನನ್ನನ್ನೇ ನೋಡ್ತಾನೆ. ಮಾತಾಡಲ್ಲ. ಹೇಗೆ ಸಹಿಸ್ಕೊಳ್ಳೋದು?"

"ನೀನು ಅವನನ್ನ ಸಹಿಸ್ಕೋಬೇಕಾ?" ಎಂದು ಮೇಷ್ಟ್ರು ಫೋನನ್ನು ಅವನ ಕೈಗೆ ತುರುಕಿದರು.

ಆ ದಿನವೇ ಅವರು ಚಾಲಕನನ್ನು ಕೂರಿಸಿಕೊಂಡು ಕೇಳಿದರು. ಅವನು ಬಚ್ಚಿಡಲಿಲ್ಲ.

"ಒಂದೇ ಗುದ್ದಿಗೆ ಬಿದ್ದೆ ಮೇಷ್ಟ್ರೇ. ಮಗಳು ನೋಡಿದ್ಲು. ಈಗ ಅವಳು ಬಸ್ಸಲ್ಲಿ ಕೊನೇ ಸೀಟಿಗೆ ಹೋಗಿ ಕೂತ್ಕೋತಾಳೆ. ಅದೇ ಕೈಯಿಂದ ಮೂರು ತಿಂದು ನಿಂತ್ಕೋಬೇಕು. ಅವನ ಫೋಟೊ ಪಕ್ಕ ನನ್ನ ಫೋಟೊ ಬರ್ಬೇಕು. ಅಷ್ಟೇ."

"ಅವನು ಅರವತ್ತೆಂಟು ಕಿಲೋ. ನೀನು ಎಂಬತ್ತಮೂರು. ನಿಯಮದ ಪ್ರಕಾರ ಅವನು ನಿನ್ನ ಮುಟ್ಟೋ ಹಾಗಿಲ್ಲ."

"ಗೊತ್ತು" ಎಂದ ಚಾಲಕ.

ಮೇಷ್ಟ್ರು ಅಲ್ಲಿಗೆ ನಿಶ್ಚಿಂತರಾದರು. ಹದಿನೈದು ಕಿಲೋ ಇಳಿಯಬೇಕಾದರೆ ಎಷ್ಟು ಕಾಲ ಬೇಕೆಂದು ಅವರಿಗೆ ಬಾಯಿಪಾಠವಿತ್ತು. ವಾರಕ್ಕೆ ಅರ್ಧ ಕಿಲೋ, ಹೆಚ್ಚೆಂದರೆ ಮುಕ್ಕಾಲು. ಅಷ್ಟರಲ್ಲಿ ಸಿಟ್ಟು ತಣ್ಣಗಾಗುತ್ತದೆ, ಮಗಳು ಮೊದಲ ಸೀಟಿಗೆ ಮರಳಿರುತ್ತಾಳೆ. ಅವರ ಲೆಕ್ಕ ಸರಿಯಾಗಿತ್ತು. ಆದರೆ ಅದು ಉಣ್ಣುವವನ, ಮಲಗುವವನ ಲೆಕ್ಕ.

ನಾಲ್ಕನೆಯ ವಾರದ ಕೊನೆಗೆ ಎಪ್ಪತ್ತೊಂಬತ್ತು. ಆರನೆಯದಕ್ಕೆ ಎಪ್ಪತ್ತೈದೂವರೆ. ಚಾಲಕ ನೆಲದ ಮೇಲೆ ಮಲಗಿ ಎದ್ದು, ಮಲಗಿ ಎದ್ದು, ಬಾಲಮೂಳೆಯ ಮೇಲಿನ ಚರ್ಮ ಕಿತ್ತುಹೋಗಿ ನೀಲಿ ಚಾಪೆಯ ಮೇಲೆ ಅಂಗೈ ಅಗಲದ ರಕ್ತದ ಕಲೆ ಮಾಡಿದ. ಅದನ್ನು ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮಲಗಿದ. ಏಳನೆಯ ವಾರ ಓಡುವ ಯಂತ್ರದ ಮೇಲೆ ಕಣ್ಣು ಕತ್ತಲಿಟ್ಟು, ಬೆಲ್ಟು ಅವನನ್ನು ಹಿಂದಕ್ಕೆ ಎಸೆಯಿತು. ಗಲ್ಲ ಕಬ್ಬಿಣದ ಸರಳಿಗೆ ಬಡಿದು ಹಲ್ಲೊಂದು ಅರ್ಧ ಮುರಿಯಿತು. ಮುರಿದ ತುಂಡನ್ನು ಅಂಗೈಗೆ ಉಗಿದುಕೊಂಡು ಜೇಬಿಗೆ ಹಾಕಿಕೊಂಡ.

ಹೊಟ್ಟೆಯ ಮೇಲೆ ನೀಲಿ ಮಚ್ಚೆಗಳಿದ್ದವು. ಹಳೆಯವು ಹಳದಿಗೆ ತಿರುಗುವಷ್ಟರಲ್ಲಿ ಹೊಸವು.

"ಇದೇನು?" ಎಂದು ಕೇಳಿದರು ಮೇಷ್ಟ್ರು.

"ಸ್ಟೀರಿಂಗ್ ತಾಗಿದ್ದು."

ಅದು ಸ್ಟೀರಿಂಗ್ ಅಲ್ಲ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಾಗಲೆಲ್ಲ ಅವನು ಎಡಗೈಯಲ್ಲಿ ಗೇರು ಹಿಡಿದು ಬಲಗೈ ಮುಷ್ಟಿಯಿಂದ ತನ್ನ ಹೊಟ್ಟೆಗೆ ತಾನೇ ಗುದ್ದಿಕೊಳ್ಳುತ್ತಿದ್ದ. ಹಸಿರು ಬರುವವರೆಗೆ. ಪಕ್ಕದ ಸ್ಕೂಟರಿನವರು ನೋಡಿ ತಿರುಗಿಕೊಳ್ಳುತ್ತಿದ್ದರು. ಇದನ್ನು ಅವನ ಹೆಂಡತಿ ಆಮೇಲೆ ಹೇಳಿದ್ದು.

"ಏನ್ ತಿಂತಿದೀಯ?"

"ನೀವು ಹೇಳಿದ್ದೇ. ಮೊಟ್ಟೆ, ತರಕಾರಿ, ಅರ್ಧ ಊಟ."

"ಸುಳ್ಳು. ತೋಳು ನೋಡು, ಬಳ್ಳಿ ಆಗಿದೆ. ಕೊಬ್ಬಿನ ಜೊತೆ ಮಾಂಸಖಂಡಾನೂ ಸುಟ್ಕೋತಿದೀಯ. ಹೀಗೆ ಇಳಿದ್ರೆ ಕಂಬಳಿ ತೆಗೆದು ನೋಡಿದಾಗ ಒಳಗೆ ಯಾರೂ ಇರಲ್ಲ."

"ಆಯ್ತು ಮೇಷ್ಟ್ರೇ, ತಿಂತೀನಿ" ಎಂದ. ಅವನು ತಿನ್ನುತ್ತಿದ್ದದ್ದು ದಿನಕ್ಕೆ ಎರಡು ಮೊಟ್ಟೆ, ಒಂದು ಸೌತೆಕಾಯಿ.

ಒಂಬತ್ತನೆಯ ವಾರ ಟೆಂಪೊದವನು ಎಲ್ಲರ ಎದುರಿಗೇ ಬಂದು ನಿಂತ.

"ಅಣ್ಣಾ, ಆವತ್ತು ಆಗಿದ್ದು ಆಗೋಯ್ತು. ಹೊಟ್ಟೆಗೆ ಹಾಕ್ಕೊಂಡು ಬಿಡು. ಬೇಕಾದ್ರೆ ನಿನ್ನ ಮಗಳ ಮುಂದೆ ಬಂದು ತಪ್ಪಾಯ್ತು ಅಂತೀನಿ."

ಚಾಲಕ ಎತ್ತುತ್ತಿದ್ದ ಕಬ್ಬಿಣವನ್ನು ಕೆಳಗಿಡಲಿಲ್ಲ. "ನಿನ್ನ ತೂಕ ಎಷ್ಟು ಈಗ?" ಎಂದಷ್ಟೇ ಕೇಳಿದ.

"ಅರವತ್ತೆಂಟೂವರೆ. ಯಾಕೆ?"

"ಜಾಸ್ತಿ ತಿನ್ಬೇಡ" ಎಂದ.

ಮೇಷ್ಟ್ರು ಅದನ್ನು ಕೇಳಿಸಿಕೊಂಡರು. ತಮಾಷೆ ಎಂದುಕೊಂಡು ನಕ್ಕರು ಕೂಡ.

ಹನ್ನೆರಡನೆಯ ವಾರದ ಶನಿವಾರ ಚಾಲಕ ಬಾಗಿಲ ಪಕ್ಕದ ಕಪ್ಪು ಹಲಗೆಯ ಮೇಲೆ 'ನಾಳೆ ಗೋಡೆ, ಬಸ್ಸಿನವನು' ಎಂದು ಬರೆದ. ಭಾನುವಾರ ಬೆಳಗ್ಗೆ ಏಳಕ್ಕೆ ಎಲ್ಲರೂ ಬಂದರು. ಅವನು ಚಡ್ಡಿಯಲ್ಲಿ ತೂಕದ ಯಂತ್ರ ಹತ್ತಿದ. ಅರವತ್ತೆಂಟು ಕಿಲೋ ನಾನೂರು ಗ್ರಾಂ.

ಯಾರೋ ಸಿಳ್ಳೆ ಹಾಕಿದರು. ಮೇಷ್ಟ್ರು ಮುಳ್ಳನ್ನು ನೋಡುತ್ತ ನಿಂತರು. ಶನಿವಾರ ಬೆಳಗ್ಗೆ ಅದೇ ಯಂತ್ರ ಎಪ್ಪತ್ತೂವರೆ ತೋರಿಸಿತ್ತು. ಒಂದು ದಿನದಲ್ಲಿ ಎರಡು ಕಿಲೋ ಹೋಗಿತ್ತು. ಒಂದು ದಿನದಲ್ಲಿ ಅಷ್ಟು ಕೊಬ್ಬು ಯಾರಿಗೂ ಕರಗುವುದಿಲ್ಲ. ಹೋಗಿದ್ದು ನೀರು. ಉಳಿದವರಲ್ಲಿ ಅವನಿಗೆ ಸರಿತೂಕದವನು ಯಾರೆಂದು ಹುಡುಕುವ ಅಗತ್ಯವಿರಲಿಲ್ಲ. ಮುಂದಿನವನು ಎಪ್ಪತ್ತೊಂದು, ಹಿಂದಿನವನು ಅರವತ್ತೈದು. ನಡುವೆ ಇದ್ದವನು ಒಬ್ಬನೇ, ಟೆಂಪೊದವನು. ಹನ್ನೆರಡು ವಾರ ಈ ಮನುಷ್ಯ ಬೆನ್ನುಹತ್ತಿದ್ದು ಹೊಟ್ಟೆಯ ಗೆರೆಯನ್ನಲ್ಲ, ಈ ಅಂಕಿಯನ್ನು ಎಂಬುದು ಮೇಷ್ಟ್ರಿಗೆ ಆಗ ಅರ್ಥವಾಯಿತು.

ಗೆರೆಯೂ ಇತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ನಿಂತಾಗ ಎದೆಗೂಡಿನ ಕೆಳಗೆ, ಹೊಕ್ಕುಳಿನ ಮೇಲೆ, ಎರಡು ತುಂಡುಗಳ ಅಂಚು ತೆಳ್ಳಗೆ ಕಾಣುತ್ತಿತ್ತು. ಆರಲ್ಲ, ನಾಲ್ಕಲ್ಲ, ಎರಡು. ಅವುಗಳ ಕೆಳಗೆ ಖಾಲಿ ಚರ್ಮ ಸುಕ್ಕಾಗಿ ಜೋತಾಡುತ್ತಿತ್ತು.

"ಬಂತಲ್ಲ ಮೇಷ್ಟ್ರೇ ಗೆರೆ. ಪೊರಕೆ ಎಲ್ಲಿ?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ಮೇಷ್ಟ್ರ ಒಂದು ವರ್ಷ ಮೂರೇ ತಿಂಗಳಲ್ಲಿ ಮುಗೀತು" ಎಂದ ಇನ್ನೊಬ್ಬ.

ಮೇಷ್ಟ್ರು ಚಾಲಕನ ಹತ್ತಿರ ಹೋಗಿ ತುಟಿ ನೋಡಿದರು. ಒಡೆದು ಕಪ್ಪಗಾಗಿದ್ದವು. ಕೈಯ ಹಿಂಭಾಗದ ಚರ್ಮವನ್ನು ಚಿವುಟಿ ಬಿಟ್ಟರು. ಅದು ಮಡಿಕೆಯಾಗಿ ನಿಂತೇ ಇತ್ತು, ಕೆಳಗಿಳಿಯಲು ಹೊತ್ತು ತೆಗೆದುಕೊಂಡಿತು.

"ನೀರು ಕುಡಿದು ಎಷ್ಟೊತ್ತಾಯ್ತು?"

"ಈಗ ಬರೋ ಮುಂಚೆ ಕುಡಿದೆ."

"ನನ್ನ ಮುಖ ನೋಡಿ ಹೇಳು."

"ಶುಕ್ರವಾರ ರಾತ್ರಿ."

"ಎರಡು ಬಾಟ್ಲಿ ಕುಡಿ. ಮುಂದಿನ ಭಾನುವಾರ ನೋಡೋಣ."

"ಕುಡಿದ್ರೆ ಎಪ್ಪತ್ತಾಗ್ತೀನಿ. ಆಮೇಲೆ ಇವನು ನಂಗೆ ಸಿಗಲ್ಲ" ಎಂದ ಚಾಲಕ, ದನಿ ತಗ್ಗಿಸಿ. "ನಿಯಮ ನಿಮ್ಮದು ಮೇಷ್ಟ್ರೇ. ಹನ್ನೆರಡು ವಾರ ಬಂದಿದೀನಿ. ಒಂದು ದಿನ ತಪ್ಪಿಸಿಲ್ಲ. ತೂಕ ಸರಿ ಇದೆ. ನಿಯಮದಲ್ಲಿ ನೀರಿನ ಮಾತು ಎಲ್ಲಿದೆ?"

ನಿಯಮದಲ್ಲಿ ನೀರಿನ ಮಾತು ಇರಲಿಲ್ಲ. ಹದಿನಾಲ್ಕು ಜನ ಮೇಷ್ಟ್ರ ಬಾಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಯಾರಿಗೂ ಸಡಿಲಿಸದ, ಯಾರಿಗೂ ಬಿಗಿಗೊಳಿಸದ ಮಾತು ಅದು. ಈಗ ಬೇಡ ಎಂದರೆ ತಮ್ಮ ಲೆಕ್ಕ ತಪ್ಪಿದ್ದಕ್ಕೆ ಮೇಷ್ಟ್ರು ಜಾರಿಕೊಂಡರು ಎಂದು ನಗುತ್ತಾರೆ. ಈ ಯೋಚನೆ ಅವರ ತಲೆಯಲ್ಲಿ ಬಂದು ಹೋಗುವುದಕ್ಕೆ ಎರಡು ಸೆಕೆಂಡು ಸಾಕಾಯಿತು. ಅವರು ಜೇಬಿನಿಂದ ಸೀಮೆಸುಣ್ಣ ತೆಗೆದು ಚಾಲಕನ ಹೊಟ್ಟೆಯ ಮೇಲೆ ಚೌಕ ಬರೆದರು.

"ನಂಗೆ ಬೇಡ ಮೇಷ್ಟ್ರೇ" ಎಂದ ಟೆಂಪೊದವನು. "ಬೇಕಾದ್ರೆ ನನ್ನ ಫೋಟೊ ಇಳಿಸಿ."

"ರೋಡಲ್ಲಿ ಕೇಳದೇ ಹೊಡೆದೆ. ಈಗ ಕರೆದು ಹೊಡಿ ಅಂದ್ರೆ ಬೇಡ್ವಾ?" ಎಂದ ಚಾಲಕ. ಕೈಯನ್ನು ತಲೆಯ ಹಿಂದೆ ಕಟ್ಟಿ ನಿಂತಾಗಿತ್ತು. "ಕೈಯಲ್ಲಿ ಜೀವ ಇಲ್ಲ ಅಂತ ಹೇಳು, ಮನೆಗೆ ಹೋಗ್ತೀನಿ."

ಗುಂಪಿನಲ್ಲಿ ಕಿಸಕ್ಕೆಂದು ನಗು ಹೊರಟಿತು. ಟೆಂಪೊದವನು ಬಲಗೈಗೆ ಬಟ್ಟೆ ಸುತ್ತಿಕೊಂಡ.

ಮೊದಲ ಗುದ್ದು ಏಳು ಹದಿನೆಂಟಕ್ಕೆ. ಅದು ಗುದ್ದಲ್ಲ, ತಳ್ಳಿದ ಹಾಗಿತ್ತು.

"ನಮ್ಮಜ್ಜಿ ಇದಕ್ಕಿಂತ ಜೋರಾಗಿ ಬೆನ್ನು ತಿಕ್ಕ್ತಿದ್ಲು" ಎಂದ ಚಾಲಕ. "ಇದನ್ನ ಲೆಕ್ಕಕ್ಕೆ ತಗೋಬೇಡಿ ಮೇಷ್ಟ್ರೇ."

"ಒಂದು" ಎಂದರು ಮೇಷ್ಟ್ರು.

ಎರಡನೆಯದು ನಿಜವಾದದ್ದು. ಒದ್ದೆ ಗೋಣಿಯನ್ನು ಕಲ್ಲಿಗೆ ಬಡಿದ ಸದ್ದು ಬಂತು. ಚಾಲಕನ ಹಿಮ್ಮಡಿ ನೆಲಬಿಟ್ಟು ಮತ್ತೆ ಊರಿತು. ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ಮೊಣಕಾಲು ಮಡಿಯಲಿಲ್ಲ. ಅವನು ಬಾಯಿ ತೆರೆದು ಟೆಂಪೊದವನ ಮುಖಕ್ಕೆ ಉಗಿಯಲು ನೋಡಿದ. ಉಗಿಯುವುದಕ್ಕೆ ಬಾಯಲ್ಲಿ ತೇವವೇ ಇರಲಿಲ್ಲ. ಒಣ ಸದ್ದು ಮಾತ್ರ ಬಂತು.

"ಎರಡು. ಸಾಕು" ಎಂದರು ಮೇಷ್ಟ್ರು. "ಇಲ್ಲಿಗೆ ಬಿಡೋಣ."

"ಬಿಡೋದು ಯಾಕೆ?" ಚಾಲಕನ ದನಿ ಗರಗರ ಎನ್ನುತ್ತಿತ್ತು. ಅವನು ಟೆಂಪೊದವನನ್ನೇ ನೋಡುತ್ತಿದ್ದ. "ನನ್ನ ಮಗಳ ಮುಂದೆ ಹೊಡೆದ ಕೈ ಇದೇನಾ? ಅದನ್ನ ಮನೇಲಿಟ್ಟು ಹೆಂಡತಿ ಕೈ ಇಸ್ಕೊಂಡು ಬಂದಿದೀಯಾ?"

ಟೆಂಪೊದವನ ಕುತ್ತಿಗೆಯ ನರ ಉಬ್ಬಿತು. ಅವನು ಹಿಂದಿನ ಕಾಲನ್ನು ನೆಲಕ್ಕೊತ್ತಿ ಸೊಂಟದಿಂದ ತಿರುಗಿಸಿ ಹೊಡೆದ. ಅದೇ ಹೊತ್ತಿಗೆ ನೀರಿಲ್ಲದ ಚಾಲಕನ ಬಲಗಾಲಿನ ಮೀನಖಂಡ ಸೆಳೆದು ಹಿಡಿದುಕೊಂಡಿತು. ಮೈ ಒಂದು ಅಂಗೈ ಅಗಲ ಬಲಕ್ಕೆ ವಾಲಿತು. ಮುಷ್ಟಿ ಚೌಕದ ಹೊರಗೆ, ಎಡ ಪಕ್ಕೆಲುಬಿನ ಅಂಚಿನ ಕೆಳಗೆ ಮಣಿಕಟ್ಟಿನವರೆಗೆ ಹೋಯಿತು. ಕಟಕ್ಕೆಂದು ಏನೋ ಮುರಿದದ್ದು ಹದಿನಾಲ್ಕು ಜನಕ್ಕೂ ಕೇಳಿಸಿತು.

ಮೇಷ್ಟ್ರು ಗಡಿಯಾರ ನೋಡಿದರು. ಏಳು ಇಪ್ಪತ್ತು.

ಚಾಲಕ ನಿಂತಿದ್ದ. ಕೈ ತಲೆಯ ಹಿಂದೆಯೇ ಇತ್ತು. ಕಣ್ಣಲ್ಲಿ ನೀರು ಬರಬೇಕಿತ್ತು, ಬರಲಿಲ್ಲ.  ಆಮೇಲೆ ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಟೆಂಪೊದವನು ಬಟ್ಟೆ ಬಿಚ್ಚಿ ಎಸೆದು, ಗೋಡೆಯ ಕಡೆ ಮುಖ ಮಾಡಿ ನಿಂತ. ಫೋಟೊ ತೆಗೆಯುವವನು ಏಳು ಇಪ್ಪತ್ತನಾಲ್ಕಕ್ಕೆ ಎರಡು ಫೋಟೊ ತೆಗೆದ. ಎರಡರಲ್ಲೂ ಚಾಲಕ ಮುರಿದ ಹಲ್ಲು ತೋರಿಸಿ ನಗುತ್ತಿದ್ದ.

"ಈಗ ನೀರು ಕೊಡಿ" ಎಂದ. ಒಂದು ಗುಟುಕು ಕುಡಿದ. "ಎಡ ಭುಜ ಯಾಕೋ ನೋಯ್ತಿದೆ ಮೇಷ್ಟ್ರೇ. ಭುಜಕ್ಕೆ ಯಾರು ಹೊಡೆದ್ರು? ನೋಡಿರ್ಲಿಲ್ಲ ನಾನು."

ಸುತ್ತಲಿದ್ದವರು ನಕ್ಕರು. ಮೇಷ್ಟ್ರ ಕೈಯಿಂದ ಸೀಮೆಸುಣ್ಣ ಬಿತ್ತು. ಇಪ್ಪತ್ತು ವರ್ಷದ ಹಿಂದೆ ಅಖಾಡದ ಮೂಲೆಯಲ್ಲಿ ಕುಳಿತು ಇದೇ ಮಾತು ಹೇಳಿದ ಇನ್ನೊಬ್ಬನನ್ನು ಅವರು ಕಂಡಿದ್ದರು. ಮುಟ್ಟದ ಭುಜ ನೋಯುತ್ತದೆ ಎಂದರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತಿದೆ ಎಂದರ್ಥ. ಆ ಹುಡುಗ ಉಳಿದಿರಲಿಲ್ಲ.

"ಎತ್ತಿ ಇವನನ್ನ. ಆಸ್ಪತ್ರೆಗೆ" ಎಂದರು.

"ಎತ್ತೋದ್ಯಾಕೆ, ನಡೀತೀನಿ" ಎಂದು ಚಾಲಕ ತಾನೇ ಹೊರಟ. ಏಳು ಮೂವತ್ತೊಂದಕ್ಕೆ, ಮೊದಲ ಮಹಡಿಯ ತಿರುವಿನಲ್ಲಿ, ಅವನ ಕಾಲು ಮಡಿದವು. ಒಂಬತ್ತು ಮೆಟ್ಟಿಲು ಉರುಳಿ, ಟೈರ್ ಅಂಗಡಿಯ ಮುಚ್ಚಿದ ಶಟರಿಗೆ ತಲೆ ಬಡಿದು ಬಿದ್ದ. ಹುಬ್ಬು ಒಡೆಯಿತು.

ಅವನನ್ನು ಹೆಗಲ ಮೇಲೆ ಹೊತ್ತು ಟೆಂಪೊಗೆ ಹಾಕಿದವನು ಟೆಂಪೊದವನೇ. ಹಿಂದೆ ಖಾಲಿ ಪ್ಲಾಸ್ಟಿಕ್ ಕ್ರೇಟುಗಳ ನಡುವೆ ಮೇಷ್ಟ್ರು ಅವನನ್ನು ಮಲಗಿಸಿ ಎರಡೂ ಕೈಯಿಂದ ಒತ್ತಿ ಹಿಡಿದರು. ಹೊಟ್ಟೆ ಹಲಗೆಯಷ್ಟು ಗಟ್ಟಿಯಾಗಿತ್ತು. ಹನ್ನೆರಡು ವಾರ ಅವನು ಬಯಸಿದ್ದ ಗಟ್ಟಿತನ ಅದು ಎಂದು ಮೇಷ್ಟ್ರಿಗೆ ಅನ್ನಿಸಿತು. ಟೆಂಪೊದವನು ಎರಡು ಸಿಗ್ನಲ್ ಹಾರಿಸಿದ, ಒಂದು ಕಬ್ಬಿಣದ ತಡೆಗೆ ಗುದ್ದಿ ಅದನ್ನು ಇಪ್ಪತ್ತು ಅಡಿ ಎಳೆದುಕೊಂಡು ಹೋದ. ಏಳು ನಲವತ್ತಾರಕ್ಕೆ ಆಸ್ಪತ್ರೆಯ ಬಾಗಿಲು.

ಎಂಟೂಕಾಲಿಗೆ ಶಸ್ತ್ರಚಿಕಿತ್ಸಕರು ಅವನ ಹೊಟ್ಟೆಯನ್ನು ಎದೆಮೂಳೆಯಿಂದ ಹೊಕ್ಕುಳಿನ ಕೆಳಗಿನವರೆಗೆ ಸೀಳಿದರು. ಮುರಿದ ಪಕ್ಕೆಲುಬಿನ ಚೂಪು ತುದಿ ಗುಲ್ಮವನ್ನು ಎರಡು ಹೋಳು ಮಾಡಿತ್ತು. ಗುಲ್ಮ ಎಂದರೆ ಎಡ ಪಕ್ಕೆಯ ಒಳಗಿರುವ, ಮುಷ್ಟಿ ಗಾತ್ರದ, ರಕ್ತ ತುಂಬಿದ ಅಂಗ. ಹೊಟ್ಟೆಯಿಂದ ಎರಡು ಲೀಟರಿಗೂ ಹೆಚ್ಚು ರಕ್ತ ತೆಗೆದರು. ಗುಲ್ಮವನ್ನು ಪೂರ್ತಿಯಾಗಿ ಕತ್ತರಿಸಿ ಹಾಕಿದರು.

ಚಾಲಕನ ಹೆಂಡತಿ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು. ಸ್ಕೂಟರಿನಲ್ಲಿ ಬಂದಳು, ಹೆಲ್ಮೆಟ್ ಕೈಯಲ್ಲಿತ್ತು.

"ಯಾರು ಹೊಡೆದಿದ್ದು?" ಎಂದು ಕೇಳಿದಳು.

"ನಾನು" ಎಂದ ಟೆಂಪೊದವನು.

ಹೆಲ್ಮೆಟ್ಟನ್ನು ಬೀಸಿ ಅವನ ಕಿವಿಗೆ ಹೊಡೆದಳು. ಅವನು ಕೈ ಎತ್ತಲಿಲ್ಲ. ಮತ್ತೊಮ್ಮೆ ಹೊಡೆದಳು. ಕಿವಿಯಿಂದ ರಕ್ತ ಅಂಗಿಯ ಮೇಲೆ ಇಳಿಯಿತು.

"ಹೊಡೆಸಿದ್ದು ಯಾರು?"

"ನಾನಮ್ಮಾ" ಎಂದರು ಮೇಷ್ಟ್ರು.

ಅವರಿಗೆ ಬಿದ್ದದ್ದು ಮೂಗಿನ ಮೇಲೆ. ಮೂಳೆ ಮುರಿದ ಸದ್ದು ಅವರಿಗೆ ಒಳಗಿನಿಂದ ಕೇಳಿಸಿತು. ಅವಳು ಕಾವಲುಗಾರರು ಹಿಡಿಯುವವರೆಗೂ ನಿಲ್ಲಿಸಲಿಲ್ಲ.

"ಹನ್ನೆರಡು ವಾರ ಅವನು ಮನೇಲಿ ತಟ್ಟೆ ಮುಂದೆ ಕೂತೇ ಇಲ್ಲ. ನಿದ್ದೇಲೂ ಹೊಟ್ಟೆಗೆ ಗುದ್ದ್ಕೋತಿದ್ದ" ಎಂದಳು, ಇಬ್ಬರು ಹಿಡಿದುಕೊಂಡಿದ್ದಾಗ. "ದಿನಾ ನೋಡ್ತಿದ್ರಲ್ಲ. ನಿಮಗೆ ಕಣ್ಣಿರ್ಲಿಲ್ವಾ?"



ಸಂಜೆ ಜಿಮ್ಮಿನವರು ಆರು ಜನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮೇಷ್ಟ್ರನ್ನು ಸುತ್ತುವರಿದರು.

"ನಾವೆಲ್ಲ ಮಾತಾಡ್ಕೊಂಡಿದೀವಿ. ಮೆಟ್ಟಿಲಿಂದ ಬಿದ್ದ ಅಂತ ಹೇಳೋಣ. ಬಿದ್ದಿದ್ದು ಸುಳ್ಳೇನಲ್ಲವಲ್ಲ" ಎಂದ ಹಿರಿಯನೊಬ್ಬ. "ತಲೆಗೂ ಗಾಯ ಇದೆ. ಯಾರೂ ಕೇಳಲ್ಲ. ನಿಮಗೂ ತೊಂದ್ರೆ ಇಲ್ಲ, ಟೆಂಪೊದವನಿಗೂ ಇಲ್ಲ."

"ಬಸ್ಸಿನವನನ್ನ ಕೇಳಿದ್ರಾ?"

"ಅವನಿಗೆ ಎಚ್ಚರ ಎಲ್ಲಿದೆ?"

ಎಚ್ಚರವಾದದ್ದು ಮಂಗಳವಾರ ಬೆಳಗ್ಗೆ. ಮೂಗಿನಲ್ಲಿ ಒಂದು ಕೊಳವೆ, ಪಕ್ಕೆಯಲ್ಲಿ ಒಂದು. ಬ್ಯಾಂಡೇಜು ಎದೆಯಿಂದ ಕಿಬ್ಬೊಟ್ಟೆಯವರೆಗೆ. ಒಂದು ವರ್ಷ ಭಾರ ಎತ್ತುವ ಹಾಗಿಲ್ಲ, ಸೀಳಿದ ಜಾಗದಲ್ಲಿ ಉದ್ದಕ್ಕೆ ಗಂಟುಗಂಟಾಗಿ ಕಲೆ ಉಳಿಯುತ್ತದೆ ಎಂದು ವೈದ್ಯರು ಹೇಳಿದ್ದರು. ಮೇಷ್ಟ್ರನ್ನು ಒಳಗೆ ಬಿಡಲು ಹೆಂಡತಿ ಒಪ್ಪಲಿಲ್ಲ. ಚಾಲಕನೇ ಬೆರಳಾಡಿಸಿ ಮೇಷ್ಟ್ರನ್ನು ಕರೆದ.

"ಬಿದ್ನಾ ಮೇಷ್ಟ್ರೇ?"

ಮೂಗಿಗೆ ಪಟ್ಟಿ ಹಾಕಿಕೊಂಡಿದ್ದ ಮೇಷ್ಟ್ರ ದನಿ ಸಣ್ಣಗೆ ಬಂತು. "ಗುದ್ದಿಗೆ ಬೀಳ್ಲಿಲ್ಲ. ಹನ್ನೊಂದು ನಿಮಿಷ ಆದ್ಮೇಲೆ ಮೆಟ್ಟಿಲಲ್ಲಿ ಬಿದ್ದೆ."

"ಮೂರೂ ತಗೊಂಡೆ."

"ಮೂರೂ ತಗೊಂಡೆ. ನಾನು ಎರಡಕ್ಕೆ ನಿಲ್ಲಿಸ್ಬೇಕಿತ್ತು. ನಿಜ ಹೇಳ್ಬೇಕು ಅಂದ್ರೆ ಒಂದಕ್ಕೂ ಮುಂಚೆ. ನಿನ್ನ ತುಟಿ ನೋಡಿದ್ದೆ."

"ಎಲ್ಲರೂ ಮೆಟ್ಟಿಲಿಂದ ಬಿದ್ದ ಅಂತ ಹೇಳ್ತಾರಂತೆ. ಇವಳು ಅಂದ್ಲು." ಅವನು ಉಸಿರಿಗಾಗಿ ನಿಲ್ಲಿಸಿದ. "ಮಗಳು ಕೇಳಿದ್ರೆ ಅದೇ ಹೇಳೋದಾ? ಅಪ್ಪ ಮತ್ತೆ ಬಿದ್ದ ಅಂತ?"

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಮುಖ ತಿರುಗಿಸಿಕೊಂಡಳು. ಮೇಷ್ಟ್ರು ಹೊರಗೆ ಬಂದರು.

ಕಾರಿಡಾರಿನ ಬೆಂಚಿನ ಮೇಲೆ ಪೊಲೀಸ್ ಪೇದೆ ಕಾಗದ ಹಿಡಿದು ಕುಳಿತಿದ್ದ. ಜಿಮ್ಮಿನ ಹಿರಿಯ ಅವನ ಪಕ್ಕದಲ್ಲಿ ನಿಂತು ಮೇಷ್ಟ್ರಿಗೆ ಕಣ್ಣು ಮಿಟುಕಿಸಿದ.

"ಮೆಟ್ಟಿಲಿಂದ ಜಾರಿ ಬಿದ್ದದ್ದು ಅಂತ ಇವರು ಹೇಳ್ತಿದಾರೆ. ನೀವು ಅಲ್ಲೇ ಇದ್ರಲ್ಲ, ಹೌದಾ?" ಎಂದ ಪೇದೆ.

"ಜಾರಲಿಲ್ಲ" ಎಂದರು ಮೇಷ್ಟ್ರು. "ಮೂರು ಗುದ್ದು ಬಿತ್ತು. ಏಳು ಹದಿನೆಂಟರಿಂದ ಏಳು ಇಪ್ಪತ್ತರ ಒಳಗೆ. ನಿಂತೇ ತಿಂದ. ಶುಕ್ರವಾರ ರಾತ್ರಿಯಿಂದ ನೀರು ಕುಡಿದಿರ್ಲಿಲ್ಲ, ಅದು ನನಗೆ ಗೊತ್ತಿತ್ತು. ಹೊಡೆಯೋನು ಎರಡು ಸಲ ಬೇಡ ಅಂದ. ಶುರು ಮಾಡಿಸಿದ್ದು ನಾನು."

ಹಿರಿಯ ತಲೆ ಚಚ್ಚಿಕೊಂಡ. "ಎರಡು ಸಲ ಅಲ್ಲ, ಒಂದೇ ಸಲ ಬೇಡ ಅಂದಿದ್ದು" ಎಂದ ಟೆಂಪೊದವನು ಹಿಂದಿನಿಂದ. ಕಿವಿಗೆ ಹತ್ತಿ ಇಟ್ಟುಕೊಂಡಿದ್ದ.

"ಹೌದು, ಒಂದೇ ಸಲ. ಹಾಗೇ ಬರ್ಕೊಳ್ಳಿ" ಎಂದರು ಮೇಷ್ಟ್ರು.

ಪೇದೆ ಹಾಗೆಯೇ ಬರೆದುಕೊಂಡ, ಇಬ್ಬರಿಂದಲೂ ಸಹಿ ತೆಗೆದುಕೊಂಡ. ಮಧ್ಯಾಹ್ನ ಪ್ರಕರಣ ದಾಖಲಾಯಿತು. ಮೇಷ್ಟ್ರು ಮೊದಲನೆಯ ಆರೋಪಿ, ಟೆಂಪೊದವನು ಎರಡನೆಯವನು. ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಪೊಲೀಸರು ಜಿಮ್ಮಿನ ಬಾಗಿಲಿಗೆ ಬೀಗ ಹಾಕಿ ಮೊಹರು ಒತ್ತಿದರು.